ಮೊದಲ ಕೋಣೆಯಲ್ಲಿ ಏನಿರಬೇಕು?

ಹುಬ್ಬಳ್ಳಿ–ಧಾರವಾಡದ ನಡುವೆ, ಚಿಗರಿ ಬಸ್ಸು ಓಡುವ ದಾರಿಯಲ್ಲಿರುವ ರಾಯಾಪುರ. ಅಲ್ಲಿಯ ಒಂದು ಮನೆಯ ಕಟ್ಟೆಯ ಮೇಲೆ ಮೂವರು ಕೂತಿದ್ದಾರೆ. ಅಬಕಾರಿ ಇಲಾಖೆಯಿಂದ ನಿವೃತ್ತರಾದ ಕಾಕಾ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಓದಿ, ಬೆಂಗಳೂರಿನ ಆಹಾರ ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ಅವರ ಅಣ್ಣನ ಮಗಳು. ಮೆಂತ್ಯಪಲ್ಯ ಸೋಸುತ್ತಿರುವ ಕಾಕು. ಮಗಳು ತರಬೇತಿಗೆಂದು ಝೆಕ್ ದೇಶಕ್ಕೆ ಹೋಗಿದ್ದಳು. ಅಲ್ಲಿಯ ಪಿಲ್ಸೆನ್ ಊರಿನ ಹಳೆಯ ಬ್ರೂವರಿ, ಅದರ ಮ್ಯೂಸಿಯಂ ನೋಡಿ ಬಂದೆ ಎಂದು ಅವಳು ಅಂದದ್ದೇ ತಡ, ಮಾತು ಕಾವೇರಿತು.

ಕಾಕಾ: ಬ್ರೂವರಿಗೊಂದು ಮ್ಯೂಸಿಯಂ! ಅಲ್ಲ ಮಗಳ, ನನ್ನ ನೌಕರಿ ಪೂರಾ ಡಿಸ್ಟಿಲರಿ ಬಾಗಲಾ ಕಾಯೂದ್ರಾಗ ಹೋತು. ಸ್ಪಿರಿಟ್ ಗೋದಾಮಿಗೆ ಎರಡು ಕೀಲಿ. ಒಂದರ ಕೀಲಿಕೈ ಕಂಪನಿ ಕಡೆ, ಇನ್ನೊಂದರದು ನನ್ನ ಕಡೆ. ನಾ ಇಲ್ಲದ ಬಾಗಲಾ ತೆಗಿಯಾಕ ಬರ್ತಿದ್ದಿಲ್ಲ. ಅಂಥಾ ಜಾಗಾ ನೋಡಾಕ ಮಂದಿ ರೊಕ್ಕಾ ಕೊಟ್ಟು ಪಾಳಿ ಹಚ್ಚತಾರಂದ್ರ ನನಗ ನಂಬಿಗಿ ಬರೂದಿಲ್ಲ. ಟಿಕೀಟಿನಾಗ ಒಂದು ಗ್ಲಾಸೂ ಸೇರಿತ್ತೇನ?

ಮಗಳು: ಸೇರಿತ್ತು ಕಾಕಾ, ಸುಳ್ಳು ಯಾಕ ಹೇಳ್ಲಿ? ಬ್ರೂವರಿ ಕೆಳಗ ಸುರಂಗ ಕೊರದಾರ. ಹೊರಗ ಬ್ಯಾಸಗಿ, ಒಳಗ ಮೈ ನಡಗೂವಂಥಾ ಚಳಿ. ಓಕ್ ಕಟ್ಟಿಗಿ ಪೀಪಾಯಿ ಮುಂದ ಒಬ್ಬ ಮುದುಕ ನಿಂತಿರ್ತಾನ. ನಳಾ ತಿರುವಿ, ಸೋಸದ್ದು, ಪಾಶ್ಚರೀಕರಣ ಮಾಡದ್ದು, ಹಂಗ ಹಿಡದು ಕೊಡ್ತಾನ. ಮೊದಲ ಬೆಳಕಿಗೆ ಹಿಡದು ನೋಡು, ಆಮ್ಯಾಲ ವಾಸನಿ ತಗೋ, ಕಡೀಕ ಒಂದು ಗುಟುಕು ಅಂತ ಹೇಳಿಕೊಟ್ಟ. ನಾ ಅಷ್ಟ ಮಾಡಿದೆ.

ಕಾಕು: ನಿಮ್ಮಪ್ಪಗ ಹೇಳೀಯೇನ?

ಮಗಳು: ನಿಮಗ ಹೇಳಿದ್ನೆಲ್ಲಾ ಕಾಕು, ಸಂಜೀಕ ಅಪ್ಪಗ ಮುಟ್ಟೇ ಮುಟ್ಟತೈತಿ.

ಕಾಕಾ: ಅದಿರ್ಲಿ. ನೋಡೂವಂಥಾದ್ದು ಏನಿತ್ತು ಅಲ್ಲಿ?

ಮಗಳು: ಒಂದು ಊರಿನ ಸಿಟ್ಟಿನ ಕತಿ ಇತ್ತರಿ. 1838ರಾಗ ಪಿಲ್ಸೆನ್ ಮಂದಿ ತಮ್ಮೂರಿನ ಬೀರು ಕೆಟ್ಟಿತು ಅಂತ 36 ಪೀಪಾಯಿ ತಂದು ಟೌನ್ ಹಾಲ್ ಮುಂದ ಚೆಲ್ಲಿದ್ರು. ಆಮ್ಯಾಲ ಎಲ್ಲಾರೂ ರೊಕ್ಕಾ ಹಾಕಿ ಊರಿನ ಹೆಸರಿನ್ಯಾಗ ಒಂದ ದೊಡ್ಡ ಬ್ರೂವರಿ ಕಟ್ಟಿದ್ರು. ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನಾಂವನ್ನ ಕರಸಿದ್ರು. ಅವ 1842ರಾಗ ತಿಳಿ ಬಂಗಾರ ಬಣ್ಣದ ಬೀರು ಮಾಡಿ ತೋರ್ಸಿದ. ಇವತ್ತು ನಮ್ಮ ದೇಶದ ಬಾಟ್ಲಿ ಒಳಗ ಇರೂ ತಿಳಿ ಲಾಗರ್ ಬೀರೆಲ್ಲಾ ಅದರ ಸಂತಾನನ.

ಕಾಕಾ: ನಾವೂ ಚೆಲ್ಲೀವಿ. ಗುಡ್ಡದ ಮರ್ಯಾಗ, ಹಳ್ಳದ ದಂಡ್ಯಾಗ ಕಳ್ಳಭಟ್ಟಿ ಹಿಡದು, ಬೆಲ್ಲದ ಕೊಳಿ ಇದ್ದ ಗಡಿಗಿ ಒಡದು, ಪಂಚನಾಮಿ ಮಾಡಿ, ಪಂಚರ ಸಹಿ ತಗೊಂಡು ಚೆಲ್ಲೀವಿ. ನಮಗ್ಯಾರೂ ಮ್ಯೂಸಿಯಂ ಕಟ್ಟಲಿಲ್ಲ.

ಮಗಳು: ಕಟ್ಟಬೇಕಿತ್ತು ಅಂತನ ನಾ ಹೇಳೂದು. ನಗಬ್ಯಾಡ್ರಿ. ಒಂದು ಬ್ರೂವರಿ ಒಳಗ ಎಷ್ಟು ವಿದ್ಯಾ ಐತಿ ನೋಡ್ರಿ. ಕಾಕು ಮೊಮ್ಮಗಗ ರಾಗಿ ನೆನಿಸಿ, ಅರಬ್ಯಾಗ ಕಟ್ಟಿ, ಮೊಳಕಿ ಬರಿಸಿ, ಒಣಗಿಸಿ, ಹುರದು ಮಾಲ್ಟ್ ಮಾಡ್ತಾರ. ಬ್ರೂವರಿ ಮಂದಿ ಬಾರ್ಲಿಗೆ ಅದನ್ನ ಮಾಡ್ತಾರ. ಮೊಳಕಿ ಒಡದಾಗ ಕಾಳಿನಾಗ ಹುಟ್ಟೂ ಎಂಜೈಮು, ಬಿಸಿ ನೀರಾಗ ಸುಮಾರು 65 ಡಿಗ್ರಿಗೆ ಹಿಟ್ಟನ್ನ ಸಕ್ಕರಿ ಮಾಡತೈತಿ. ಹಾಪ್ಸ್ ಹೂವು ಹಾಕಿ ಕುದಿಸ್ತಾರ, ಆರಿಸಿ ಈಸ್ಟ್ ಬಿಡ್ತಾರ. ಆ ಈಸ್ಟ್ ಸಕ್ಕರಿ ತಿಂದು ಆಲ್ಕೋಹಾಲೂ ಗ್ಯಾಸೂ ಬಿಡತೈತಿ.

ಕಾಕಾ: ಮೊಳಕಿ ಬರಿಸೂದು ತಪ್ಪಲ್ಲ. ಕೂಸಿನ ಮಾಲ್ಟು ಕೂಸಿನ ಹೊಟ್ಟಿಗೆ ಹೋಗತೈತಿ. ಇದು ಯಾರ ಹೊಟ್ಟಿಗೆ ಹೋಗತೈತಿ, ಅಲ್ಲಿಂದ ಯಾರ ಬೆನ್ನಿನ ಮ್ಯಾಲ ಬೀಳತೈತಿ, ಅದನ್ನ ಆ ಮುದುಕ ಹೇಳಿದ್ನೇನ?

ಮಗಳು: ಹೇಳಲಿಲ್ಲ. ಆದ್ರ ಇದನ್ನೂ ಕೇಳ್ರಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಾಗ 1883ರಾಗ ಹಾನ್ಸೆನ್ ಅನ್ನಾಂವ ಒಂದ ಒಂದು ಈಸ್ಟ್ ಕೋಶದಿಂದ ಶುದ್ಧ ತಳಿ ಬೆಳಸಿದ. ಕಂಪನಿ ಅದನ್ನ ಬಚ್ಚಿಡಲಿಲ್ಲ, ಬೇರೆ ಬ್ರೂವರಿಗಳಿಗೂ ಕೊಡ್ತು. 1909ರಾಗ ಅದ ಪ್ರಯೋಗಾಲಯದ ಸೋರೆನ್‌ಸೆನ್ ಪಿಎಚ್ ಮಾಪನ ಕೊಟ್ಟ. ಇವತ್ತು ಕೃಷಿ ವಿಶ್ವವಿದ್ಯಾಲಯದಾಗ ನಮ್ಮ ಹೊಲದ ಮಣ್ಣು ಪರೀಕ್ಷಾ ಮಾಡೂದು ಅದರ ಮ್ಯಾಲನ. ಗಿನ್ನೆಸ್ ಬ್ರೂವರಿಯ ಗಾಸೆಟ್ 1908ರಾಗ ‘ಸ್ಟೂಡೆಂಟ್’ ಅನ್ನೂ ಗುಪ್ತನಾಮದಾಗ ಬರದ ಲೆಕ್ಕಾ ನಾವು ದಿನಾ ಲ್ಯಾಬಿನಾಗ ವಾಪರಸ್ತೀವಿ. ಬ್ರೂವರಿಯನ್ನ ಬರೇ ಕುಡುಕರ ಖಾತೆಕ್ಕ ಬರದ್ರ ಇದೆಲ್ಲಾ ಯಾರ ಖಾತೆಕ್ಕ ಹೋಗಬೇಕು?

ಕಾಕಾ: ವಿಜ್ಞಾನದ ಖಾತೆಕ್ಕ ಹೋಗ್ಲಿ, ಬ್ಯಾಡ ಅಂದವ್ರ್ಯಾರು? ಹಂಗಾದ್ರ ವಿಜ್ಞಾನದ ಮ್ಯೂಸಿಯಂ ಕಟ್ಟಿ ಪಿಎಚ್ ಪಟ್ಟಿ ತೂಗಹಾಕಲಿ. ಅದರ ಪಕ್ಕ ರುಚಿ ನೋಡೂ ಕೋಣಿ ಯಾಕ ಬೇಕು? ಪಿಎಚ್ ತಿಳಕೊಳ್ಳಾಕ ಯಾರೂ ಗ್ಲಾಸು ಎತ್ತಬೇಕಾಗಿಲ್ಲ.

ಮಗಳು: ಸಂಗೀತದ ಮ್ಯೂಸಿಯಂನಾಗ ತಂಬೂರಿ ಇಟ್ಟು ನಾದ ಕೇಳಸದಿದ್ರ ಏನು ತಿಳೀತೈತಿ? ಬೀರಿನ ಕುಶಲತಾ ಇರೂದು ರುಚ್ಯಾಗ. ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟದ ವೈನರಿಯೊಳಗೂ ಮಂದೀನ್ನ ಕೂಡಿಸಿ ರುಚಿ ತೋರಸ್ತಾರ. ವೈನ್ ಪರೀಕ್ಷಾ ಮಾಡೋರು ಬಾಯಾಗ ಆಡಿಸಿ ಉಗುಳಿಬಿಡ್ತಾರ. ಅಮಲಿಗೆ ಅಲ್ಲರಿ, ಅಳತಿಗೆ.

ಕಾಕಾ: ಬೀರು?

ಮಗಳು: ಬೀರು... ಒಂದು ಗುಟುಕು ನುಂಗ್ತಾರ. ಕಹಿ ಗಂಟಲ ಹತ್ರ ಪೂರ್ತಿ ತಿಳೀತೈತಿ ಅಂತ.

ಕಾಕಾ: ನೋಡ್ದ್ಯಾ? ಉಗುಳಾಕ ಬರೋರು ಎಷ್ಟು ಮಂದಿ, ನುಂಗಾಕ ಬರೋರು ಎಷ್ಟು ಮಂದಿ, ಲೆಕ್ಕಾ ನೀನ ಹಾಕು. ಡಬ್ಲಿನ್ನಿನ ಗಿನ್ನೆಸ್ ಸ್ಟೋರ್‌ಹೌಸ್ ಬಗ್ಗೆ ನಾನೂ ಓದೀನಿ. ಏಳು ಅಂತಸ್ತು ಹತ್ತಿಸಿ, ಇತಿಹಾಸ ಹೇಳಿ, ಕಡೀಕ ಮ್ಯಾಲಿನ ಬಾರಿನಾಗ ಗ್ಲಾಸು ಕೈಯಾಗ ಕೊಡ್ತಾರ. ಇತಿಹಾಸ ಅನ್ನೂದು ಬಾರಿಗೆ ಹೋಗೂ ಮೆಟ್ಟಲಾತು.

ಕಾಕು: ಮೆಟ್ಟಲಾ ಹತ್ತೋವಾಗ ಎಚ್ಚರ ಇರ್ತಾರಲ್ಲಾ, ಇಳಿಯೋವಾಗಿನ ಮಾತು ಹೇಳ್ರಿ.

ಮಾತು ಬೆಂಗಳೂರಿಗೆ ಹೊರಳಿತು. ಹೊರಳಿಸಿದವಳು ಮಗಳೇ.

ಮಗಳು: ನನಗ ಹೊಟ್ಟಿ ಉರಿಯೂದು ಎಲ್ಲಿ ಗೊತ್ತೇನ್ರಿ? ನಮ್ಮ ರಾಜ್ಯದಾಗ ಇಂಥಾ ಇತಿಹಾಸ ಇದ್ದೂ ನೆಲಸಮ ಆತು. ಥಾಮಸ್ ಲೀಶ್ಮನ್ ಅನ್ನೂ ಸ್ಕಾಟ್ಲಂಡಿನಾಂವ 1915ರಾಗ ದಕ್ಷಿಣ ಭಾರತದ ಸಣ್ಣ ಸಣ್ಣ ಬ್ರೂವರಿಗಳನ್ನ ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಅದರಾಗಿನ ಕ್ಯಾಸಲ್ ಬ್ರೂವರಿ 1857ರದು. ದೊಡ್ಡ ಪೀಪಾಯಿಗಳನ್ನ ಎತ್ತಿನ ಗಾಡಿ ಮ್ಯಾಲ ಹೇರಿ ಸೋಲ್ಜರುಗಳಿಗೆ ಮುಟ್ಟಸ್ತಿದ್ರು. 1947ರಾಗ ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ಡೈರೆಕ್ಟರ್ ಆದ್ರು. ಕಬ್ಬನ್ ಪಾರ್ಕಿನ ಹತ್ರ ಬ್ರೂವರಿ ಇದ್ದ ಜಾಗಾದಾಗ ಈಗ ಯುಬಿ ಸಿಟಿ ಐತಿ. 2008ರಿಂದ ಅಲ್ಲಿ ವಿದೇಶಿ ಕೈಚೀಲ ಮಾರ್ತಾರ. ಅಲ್ಲಿ ಮಾಲ್ಟಿನ ವಾಸನಿ ಬರ್ತಿತ್ತು ಅಂತ ಹಳೇ ಬೆಂಗಳೂರಿಗರು ಹೇಳ್ತಾರ. ಒಂದು ತಾಮ್ರದ ಹಂಡೆ, ಒಂದು ಎತ್ತಿನ ಗಾಡಿ ಇಟ್ಟು ಎರಡು ಕೋಣಿ ಮ್ಯೂಸಿಯಂ ಮಾಡಿದ್ರ ಏನು ಕಳಕೊಳ್ತಿದ್ರು?

ಕಾಕಾ: ಆ ಗಾಡಿ ಯಾರ ಕಡೆ ಹೋಗ್ತಿತ್ತು, ಅದನ್ನ ಬರೀತಿದ್ರೇನ? 1809ರಾಗ ದಂಡು ಬಂತು, ದಂಡಿನ ಹಿಂದ ಬೀರು ಬಂತು. ಗೋರಾ ಸೋಲ್ಜರ್ ಹೆಂಡಾ ಕುಡದು ಕೆಟ್ಟಾನು, ಬೀರು ಕುಡದು ಕೆಲಸಕ್ಕ ಬಂದಾನು ಅನ್ನೂ ಹಿಸಾಬು. ಹಿಮಾಚಲದ ಕಸೌಲಿಯೊಳಗ 1855ರಾಗ ಬ್ರೂವರಿ ಹಾಕಿದಾಂವ ಎಡ್ವರ್ಡ್ ಡಯರ್. ಅವನ ಮಗ ಯಾರು? 1919ರಾಗ ಜಲಿಯನ್‌ವಾಲಾ ಬಾಗಿನಾಗ ಗುಂಡು ಹಾರಿಸಿದ ಡಯರ್. ಬೀರಿನ ಇತಿಹಾಸ ಬೇಕು ಅಂದ್ರ ಈ ಕೋಣೀನೂ ಬೇಕು.

ಮಗಳು: ಬೇಕು, ಖಂಡಿತ ಬೇಕು. ಅಪ್ಪ ಬ್ರೂವರಿ ನಡಸಿದ್ದಕ್ಕ ಮಗ ಗುಂಡು ಹಾರಿಸಿದ ಅನ್ನೂ ನ್ಯಾಯ ಮಾತ್ರ ನಾ ಒಪ್ಪೂದಿಲ್ಲ. ದಂಡಿಗೂ ಬೀರಿಗೂ ಇದ್ದ ನಂಟು ಒಪ್ಪತೀನಿ. ಅದನ್ನ ಮುಚ್ಚಿಡಾಕ ಮ್ಯೂಸಿಯಂ ಬ್ಯಾಡ, ತೋರಸಾಕ ಬೇಕು.

ಕಾಕಾ: ಯಾರು ತೋರಸ್ತಾರ? ಕಂಪನಿ ಕಟ್ಟಿದ ಮ್ಯೂಸಿಯಂ ಕಂಪನಿ ಹಾಡು ಹಾಡತೈತಿ. ನಿನ್ನ ಪಿಲ್ಸೆನ್ ಊರ ಮಂದಿ ಕಟ್ಟಿದ್ದು ಅಂದೆಲ್ಲಾ, ಅದೀಗ ಯಾರ ಕೈಯಾಗ ಐತಿ?

ಮಗಳು: 2017ರಿಂದ ಜಪಾನಿನ ಅಸಾಹಿ ಕಂಪನಿ ಕೈಯಾಗ.

ಕಾಕಾ: ನಮ್ಮ ಯುನೈಟೆಡ್ ಬ್ರೂವರೀಸು?

ಮಗಳು: 2021ರಿಂದ ಡಚ್ಚರ ಹೈನೆಕೆನ್ ಹಿಡಿತದಾಗ.

ಕಾಕಾ: ಹೌದಿಲ್ಲೋ? ಊರಿನ ಪರಂಪರಾ ಅಂತ ಹೇಳಿ ಮಾರೂದು, ಲಾಭ ಊರು ಬಿಟ್ಟು ಹೋಗೂದು. ಟಿವಿಯೊಳಗ ಮದ್ಯದ ಜಾಹೀರಾತು ಮಾಡಬಾರದು ಅಂತ ನಮ್ಮ ಕಾನೂನು. ಅದಕ್ಕ ಅದ ಹೆಸರಿನ ಸೋಡಾ, ಅದ ಹೆಸರಿನ ನೀರಿನ ಬಾಟ್ಲಿ, ಕ್ಯಾಲೆಂಡರು. ಮ್ಯೂಸಿಯಂ ಅಂದ್ರ ಅದ ಹೆಸರಿನ ಇನ್ನೊಂದು ಬೋರ್ಡು. ಸಾಲಿ ಹುಡುಗರನ್ನ ಬಸ್ಸಿನಾಗ ಕರಕೊಂಡು ಹೋಗಿ ತೋರಸಬಹುದಾದ ಬೋರ್ಡು.

ಇದಕ್ಕೆ ಮಗಳ ಬಳಿ ಕೂಡಲೇ ಉತ್ತರವಿರಲಿಲ್ಲ. ಕಾಕು ಪಲ್ಯದ ಬುಟ್ಟಿ ಪಕ್ಕಕ್ಕಿಟ್ಟರು.

ಮಗಳು: ಹಂಗಾದ್ರ ಕಂಪನಿ ಇಲ್ಲದ ಮ್ಯೂಸಿಯಂ ಒಂದರ ಮಾತು ಹೇಳ್ತೀನಿ. ಇಲ್ಲಿಂದ ಗೋವಾ ಎಷ್ಟು ದೂರ? ಮುಂಜಾನೆ ಬಿಟ್ರ ಮಧ್ಯಾಹ್ನದ ಊಟಕ್ಕ ಮುಟ್ಟತೀವಿ. ಅಲ್ಲಿ ಕಾಂದೋಳಿಯೊಳಗ ಒಬ್ಬ ಹಳೇ ಸಾಮಾನು ಕೂಡಿಹಾಕೂ ಮನಷ್ಯಾ 2021ರಾಗ ಫೆನಿ ಮ್ಯೂಸಿಯಂ ತೆಗದಾನ. ಮಣ್ಣಿನ ಗಡಿಗಿ, ದೊಡ್ಡ ಗಾಜಿನ ಬುದ್ದಲಿ, ಅಳತಿ ಪಾತ್ರಿ, ತರಾವರಿ ಗ್ಲಾಸು. ಗೇರುಹಣ್ಣು ತುಳಿಯೋರ, ತೆಂಗಿನ ಮರಾ ಹತ್ತೋರ ಕಸಬಿನ ಮರ್ಯಾದಿ ಅಲ್ಲಿ ಉಳದೈತಿ. ಗೇರು ಫೆನಿಗೆ 2009ರಾಗ ಜಿಐ ಮಾನ್ಯತಾನೂ ಸಿಕ್ಕೈತಿ. ನಮ್ಮ ಈಚಲ ಮರಾ ಹತ್ತಾಂವಗ ಏನು ಸಿಕ್ತು?

ಕಾಕಾ: ಅವರಿಗೆ ಹೆಂಡಾ ಬಿಡಿಸಿ ಬ್ಯಾರೆ ಉದ್ಯೋಗ ಕೊಡಬೇಕು ಅನ್ನೂದು ಆಗಿನ ದೊಡ್ಡವರ ವಿಚಾರ. 1939ರಾಗ ಚಿತ್ರದುರ್ಗದ ತುರುವನೂರಿನ ಕಡೆ ಈಚಲ ಮರಾ ಕಡಿಯೂ ಸತ್ಯಾಗ್ರಹ ಆತು. ನಿಜಲಿಂಗಪ್ಪನವ್ರು ಜೇಲಿಗೆ ಹೋದ್ರು. ಹೆಂಡದ ಸುಂಕದಿಂದ ಸರಕಾರ ನಡೀಬಾರದು ಅನ್ನೂದು ಅವ್ರ ಹಟ. ಅದಕ್ಕೇನಂತಿ?

ಮಗಳು: ಕೈ ಮುಗೀತೀನಿ. ಆದ್ರ ಕೊಡಲಿ ಬಿದ್ದದ್ದು ಎಲ್ಲಿ ನೋಡ್ರಿ. ಈಚಲ ಮರದ ಮ್ಯಾಲ ಬಿತ್ತು, ದಂಡಿನ ಬ್ರೂವರಿ ಮ್ಯಾಲ ಬೀಳಲಿಲ್ಲ. ಆಮ್ಯಾಲ 2007ರ ಜುಲೈ 1ಕ್ಕ ಸಾರಾಯಿ ನಿಷೇಧ ಆತು. ಪಾಕೀಟು ಸಾರಾಯಿ ಹೋತು, ಬಾಟ್ಲಿ ವಿಸ್ಕಿ ಉಳೀತು. ಬಡವರ ಕುಡಿತ ಪ್ರತಿ ಸಲ ಅಪರಾಧ ಆತು, ಸಾಹೇಬರ ಕುಡಿತ ಪ್ರತಿ ಸಲ ಪರಂಪರಾ ಆತು. ಬಾಗಿದ ಕತ್ತಿ, ಸೊಂಟಕ್ಕ ಕಟ್ಟೂ ಹಗ್ಗ, ನಸುಕಿನಾಗ ಇಳಿಸೂ ಗಡಿಗಿ, ಇವು ಯಾವ ಮ್ಯೂಸಿಯಂನಾಗ ಅದಾವ? ಕಟ್ಟಡ ಇದ್ದವ್ರಿಗೆ ಮ್ಯೂಸಿಯಂ, ಮರಾ ಇದ್ದವ್ರಿಗೆ ಪಂಚನಾಮಿ.

ಕಾಕಾ: ಈ ಮಾತು ಖರೇ. ಇದನ್ನ ನಾ ಅಲ್ಲಗಳಿಯೂದಿಲ್ಲ.

ಕಾಕು: 2007ರ ಮಾತು ತಗದ್ಯಲ್ಲ, ನಾ ಹೇಳ್ತೀನಿ ಕೇಳು. ಸಾರಾಯಿ ಬಂದಾದ ದಿನಾ ನಮ್ಮಕ್ಕನ ಊರಾಗ ಹೆಣ್ಣಮಕ್ಕಳು ಅಂಗಡಿ ಮುಂದ ಹೋಗಿ ಕುಂಕುಮ ಹಚ್ಚಕೊಂಡ್ರು. ಅಕ್ಕನ ಗಂಡ ಕೂಲಿ ರೊಕ್ಕಾ ತಂದು ಅಕಿ ಕೈಯಾಗ ಇಟ್ಟ. ಅಕಿ ಆ ರೊಕ್ಕಾ ಎಣಿಸಿದ್ದನ್ನ ನಾ ಕಣ್ಣಾರೆ ನೋಡೀನಿ. ಆಮ್ಯಾಲ ಅವ ತೊಂಬತ್ತು ಎಂಎಲ್ ಪಾಕೀಟು ವಿಸ್ಕಿಗೆ ಬಿದ್ದ. ಅದಕ್ಕ ಸಾರಾಯಿಕಿಂತ ರೇಟು ಜಾಸ್ತಿ. ಮನಿಗೆ ಬರೂ ರೊಕ್ಕಾ ಮೊದಲಿಗಿಂತ ಕಡಿಮಿ ಆತು.

ಮಗಳು: ಅದನ್ನ ನಾ ಹೇಳೂದು ಕಾಕು, ನಿಷೇಧದಿಂದ ಕುಡಿತ ಹೋಗಲಿಲ್ಲ, ಅಂಗಡಿ ಬದಲಾತು. 2008ರ ಮೇದಾಗ ಬೆಂಗಳೂರು, ಕೋಲಾರ, ಆಚೆ ಕೃಷ್ಣಗಿರಿ ಕಡೆ ಕಳ್ಳಸಾರಾಯಿ ಕುಡದು ನೂರಕ್ಕೂ ಹೆಚ್ಚು ಮಂದಿ ಸತ್ರು. ಅದರಾಗ ಮೀಥೈಲ್ ಆಲ್ಕೋಹಾಲ್ ಇತ್ತು.

ಕಾಕಾ: ನಿಲ್ಲು. 1981ರಾಗ ಬೆಂಗಳೂರಾಗ ಮುನ್ನೂರಕ್ಕೂ ಹೆಚ್ಚು ಮಂದಿ ಹಿಂಗ ಸತ್ರು. ಆಗ ನಿಷೇಧ ಇತ್ತೇನ? ಸರಕಾರಿ ಲೈಸನ್ಸಿನ ಸಾರಾಯಿ ಅಂಗಡಿ ಊರಿಗೊಂದು ಇದ್ದವು. ಆದ್ರೂ ಸತ್ರು. ನಿಷೇಧ ಮಾಡಿದ್ದಕ್ಕ ವಿಷ ಬಂತು ಅನ್ನೂದು ಅರ್ಧ ಮಾತು. ಅಗ್ಗಕ್ಕ ಸಿಗೂ ಅಮಲಿಗೆ ಬಡವ ಬಾಯಿ ತೆಗೆಯೂ ತನಕಾ ವಿಷ ಬರತೈತಿ.

ಮಗಳು: ಇದು ನನಗ ಗೊತ್ತಿರಲಿಲ್ಲ.

ಕಾಕಾ: ನಮ್ಮ ಈ ಭಾಗದ ಕತೀನೂ ಗೊತ್ತಿರಲಿಕ್ಕಿಲ್ಲ. 1956ರ ತನಕಾ ಧಾರವಾಡ ಮುಂಬಯಿ ರಾಜ್ಯದಾಗ ಇತ್ತು. 1949ರ ಪಾನನಿಷೇಧ ಕಾಯ್ದೆ ಇಲ್ಲೂ ಜಾರಿ ಇತ್ತು. ಕುಡಿಯೂ ಚಟ ಬಿಡಾಕ ಆಗೂದಿಲ್ಲ ಅಂದ್ರ ಡಾಕ್ಟರ ಚೀಟಿ ಹಿಡಕೊಂಡು ಪರ್ಮಿಟ್ ತಗೋಬೇಕು. ನಮ್ಮಪ್ಪ ಹೇಳ್ತಿದ್ದ, ದೊಡ್ಡ ಮನಷ್ಯಾರಿಗೆಲ್ಲಾ ಒಮ್ಮಿಂದೊಮ್ಮೆ ರೋಗ ಬಂತು ಅಂತ. ಬಡವರಿಗೆ ರೋಗ ಬರಲಿಲ್ಲ, ಅವ್ರಿಗೆ ಪೊಲೀಸರು ಬಂದ್ರು.

ಮಗಳು: ನೀವ ನನ್ನ ಕಡೆ ಮಾತಾಡಾಕ ಹತ್ತೀರಿ!

ಕಾಕಾ: ನಾ ಯಾರ ಕಡೀನೂ ಅಲ್ಲ. ಸಂವಿಧಾನದ 47ನೇ ವಿಧಿ ಮದ್ಯ ನಿಷೇಧದ ಕಡೆ ಸರಕಾರ ಪ್ರಯತ್ನ ಮಾಡಬೇಕು ಅಂತೈತಿ. ನಮ್ಮ ಇಲಾಖೆಗೆ ವರ್ಷಾ ಹೊಸಾ ಗುರಿ ಬರ್ತಿತ್ತು, ಇಷ್ಟು ವಸೂಲಿ ಮಾಡ್ರಿ ಅಂತ. ಒಂದ ಸರಕಾರದ ಎರಡು ಕೈ. ಒಂದು ಕೈಯಾಗ ಸಂವಿಧಾನ, ಒಂದು ಕೈಯಾಗ ವಸೂಲಿ ಪುಸ್ತಕ. ನಿನ್ನ ಮ್ಯೂಸಿಯಂ ಕಟ್ಟಿದ್ರ ಮೊದಲ ಕೋಣಿಯೊಳಗ ಅವೆರಡನ್ನೂ ಬಾಜೂಕ ಬಾಜೂಕ ಇಡಬೇಕು. ಅದರ ಮುಂದ ಆಸ್ಪತ್ರಿ ಚೀಟಿ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರಿಗೆ ಚಟ ಬಿಡಸಾಕ ಬಂದವ್ರ ಪಾಳಿ ಒಮ್ಮೆ ಹೋಗಿ ನೋಡು. ಆಮ್ಯಾಲ ಇಳಕಲ್ಲಿನ ಮಹಾಂತ ಅಜ್ಜಾವ್ರ ಜೋಳಿಗಿ. ಊರೂರು ತಿರಗಿ, ನಿಮ್ಮ ಚಟಾ ಈ ಜೋಳಿಗ್ಯಾಗ ಹಾಕ್ರಿ ಅಂತ ಬೇಡಿದವ್ರು. ಅವ್ರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಾಗ ವ್ಯಸನಮುಕ್ತ ದಿನ. ಇದಿಷ್ಟು ದಾಟಿ ಹೋದವ್ರಿಗೆ ನಿನ್ನ ಹಂಡೆ, ಪೀಪಾಯಿ ತೋರಸು.

ಮಗಳು: ಮೊದಲ ಕೋಣಿಯೊಳಗ ಆಸ್ಪತ್ರಿ ಇಟ್ರ ಎರಡನೇ ಕೋಣಿಗೆ ಯಾರೂ ಬರೂದಿಲ್ಲ ಕಾಕಾ. ಅದು ಮ್ಯೂಸಿಯಂ ಅನಿಸಿಕೊಳ್ಳೂದಿಲ್ಲ, ಮದ್ಯವರ್ಜನ ಶಿಬಿರ ಆಗತೈತಿ. ಶಿಬಿರ ಬ್ಯಾಡ ಅನ್ನೂದಿಲ್ಲ, ಅದರ ಜಾಗಾ ಬ್ಯಾರೆ. ಮೊದಲ ಕೋಣಿಯೊಳಗ ಹೊಲ ಇರಬೇಕು. ಬಾರ್ಲಿ, ರಾಗಿ, ಈಚಲ, ಗೇರು. ಬೆಳದವ್ರು, ಮರಾ ಹತ್ತಿದವ್ರು, ಪೀಪಾಯಿ ಮಾಡಿದ ಬಡಿಗ್ಯಾರು, ಗಾಡಿ ಹೊಡದವ್ರು. ಮನಷ್ಯಾ ಇದನ್ನ ಯಾಕ ಮಾಡಿದ ಅನ್ನೂದು ಮೊದಲ ತಿಳೀಬೇಕು, ಇದು ಅವಗ ಏನು ಮಾಡ್ತು ಅನ್ನೂದು ಆಮ್ಯಾಲ. ಹನ್ನೆರಡನೇ ಶತಮಾನದಾಗ ಶರಣರ ನಡುವ ಹೆಂಡದ ಮಾರಯ್ಯ ಇದ್ನೆಲ್ಲಾ. ಹೆಂಡಾ ಮಾರಾಂವಗೂ ಕಲ್ಯಾಣದಾಗ ಜಾಗಾ ಸಿಕ್ತು.

ಕಾಕಾ: ಸಿಕ್ತು ಖರೇ, ಆದ್ರ ಅವ ಏನು ಮಾಡ್ದ? ಕುಡಿಯಾಕ ಬಂದವ್ರಿಗೆ ಕುಡಿತ ಬಿಡ್ರಿ, ಭಕ್ತಿ ಹಿಡೀರಿ ಅಂತ ಬುದ್ಧಿ ಹೇಳ್ದ. ಅಂಗಡಿ ಒಳಗ ಕುಂತ ಅಂಗಡಿ ವಿರುದ್ಧ ಮಾತಾಡ್ದ. ನಿನ್ನ ರುಚಿ ನೋಡೂ ಕೋಣಿಯೊಳಗ ಅಂಥಾವ ಒಬ್ಬ ಇರ್ತಾನೇನ?

ಮಗಳು: ಇರಲಿ ಅಂತೀನಿ. ನಾ ಲ್ಯಾಬಿನ್ಯಾಕಿ, ಮುಚ್ಚಿಡೂದಿಲ್ಲ. ಆಲ್ಕೋಹಾಲನ್ನ ಕ್ಯಾನ್ಸರ್ ತರೂ ವಸ್ತುಗಳ ಮೊದಲ ಗುಂಪಿನಾಗ 1988ರಾಗನ ಸೇರ್ಸ್ಯಾರ. ಇಷ್ಟು ಕುಡದ್ರ ಅಡ್ಡಿಯಿಲ್ಲ ಅನ್ನೂ ಪ್ರಮಾಣ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಾಗ ಹೇಳೇತಿ. ಅದನ್ನ ರುಚಿ ಕೋಣಿ ಗೋಡಿ ಮ್ಯಾಲ ದೊಡ್ಡ ಅಕ್ಷರದಾಗ ಬರೀಬೇಕು. ಬರದೂ ಕೋಣಿ ತೆಗದಿಡಬೇಕು. ಮನ್ಯಾಗ ಮುಚ್ಚಿ, ಹೊರಗ ಹುಚ್ಚರಂಗ ಕುಡಿಯೂದನ್ನ ನಾವು ಕಲಿಸೀವಿ. ಬಾರಿನಾಗ ಕತ್ತಲಿ, ಪರದೆ, ಗಡಬಡಿ. ಬೆಳಕಿನಾಗ, ಕೂತು, ಒಂದು ಗುಟುಕು ಕುಡದು, ಇದು ಏನು ಅಂತ ತಿಳಕೊಂಡು ಎದ್ದು ಬರೂದನ್ನ ಯಾರೂ ಕಲಿಸಿಲ್ಲ.

ಕಾಕಾ: ಒಂದು ಗುಟುಕಿಗೆ ಎದ್ದು ಬರೋರಿಗೆ ಕಲಿಸೂ ಗರಜಿಲ್ಲ. ಏಳಾಕ ಆಗದವ್ರಿಗೆ ಆ ಒಂದು ಗುಟುಕ ಬಾಗಲಾ ತೆಗೀತೈತಿ. ಡಿಮ್ಹಾನ್ಸಿನಾಗ ಚಟಾ ಬಿಟ್ಟು ಬಂದಾಂವ ಮನಿ ಮಂದಿ ಜೋಡಿ ನಿನ್ನ ಮ್ಯೂಸಿಯಂಗೆ ಬಂದ ಅಂತ ತಿಳಿ. ಟಿಕೀಟಿನಾಗ ಗ್ಲಾಸು ಸೇರೈತಿ. ಹೆಂಡ್ತಿ ಬಾಜೂಕ ನಿಂತಾಳ. ಅವ ಏನು ಮಾಡಬೇಕು?

ಮಗಳು: ಟಿಕೀಟಿನಾಗ ಗ್ಲಾಸು ಸೇರಸಬಾರದು. ಅದನ್ನ ಒಪ್ಪಿದೆ.

ಕಾಕಾ: ಕೋಣೀಗೆ ಬ್ಯಾರೆ ಬಾಗಲಾ, ಬ್ಯಾರೆ ಚೀಟಿ, 21 ವರ್ಷ ತುಂಬಿದ್ದಕ್ಕ ದಾಖಲಿ.

ಮಗಳು: ಅದನ್ನೂ ಒಪ್ಪಿದೆ. ಹೊರಗಿನ ಬಾಗಲದಾಗ ಮಾರಾಟದ ಅಂಗಡಿ ಇರಬಾರದು ಅನ್ನೂದು ನಾನ ಸೇರಸ್ತೀನಿ. ಆದ್ರ ಕೋಣೀನ ಬ್ಯಾಡ ಅನ್ನೂದನ್ನ ಒಪ್ಪೂದಿಲ್ಲ. ಜಿ.ಪಿ. ರಾಜರತ್ನಂ ತಾವು ಕುಡಿದವ್ರಲ್ಲ, ಆದ್ರೂ ‘ರತ್ನನ ಪದಗಳು’ ಬರದ್ರು. ಎಲ್ಲಾರೂ ಅಂಥಾ ಕವಿಗಳಲ್ಲ ಕಾಕಾ. ಉಳಿದವ್ರಿಗೆ ನಾಲಿಗಿ ಬೇಕು.

ಕಾಕಾ: ಅವ್ರು ನಾಲಿಗಿಗೆ ಹಚ್ಚದ ಕುಡುಕನ ಎದಿ ಒಳಗ ಹೊಕ್ಕರು. ನನ್ನ ಮಾತಿಗೆ ಅದ ಸಾಕ್ಷಿ. ತಿಳಕೊಳ್ಳಾಕ ಕುಡಿಯಬೇಕಾಗಿಲ್ಲ.

ಕಾಕು: ನಿಮ್ಮಿಬ್ಬರ ಮ್ಯೂಸಿಯಂನಾಗ ಹೊಲ ಐತಿ, ಕಂಪನಿ ಐತಿ, ಸರಕಾರ ಐತಿ, ಆಸ್ಪತ್ರಿ ಐತಿ. ಅಡಗಿ ಮನಿ ಎಲ್ಲೈತಿ? ಗಂಡ ಕುಡದು ಬಂದ ದಿನಾ ಅಕ್ಕ ಡಬ್ಬಿಯೊಳಗಿನ ಜ್ವಾಳಾ ಅಳದು, ನಾಳಿಗೆ ಎಷ್ಟು ರೊಟ್ಟಿ ಆದಾವು ಅಂತ ಲೆಕ್ಕಾ ಹಾಕ್ತಿದ್ಲು. ಮಕ್ಕಳಿಗೆ ಎರಡೆರಡು, ತನಗ ನೀರು. ಆ ಜ್ವಾಳದ ಡಬ್ಬಿ ಇಡ್ರಿ. ಯಾವ ಕೋಣಿಯೊಳಗರ ಇಡ್ರಿ, ಆದ್ರ ಇಡ್ರಿ.

ಕಾಕಾ: ಮೊದಲ ಕೋಣಿಯೊಳಗ.

ಮಗಳು: ಕಡೀ ಕೋಣಿಯೊಳಗ. ರುಚಿ ಕೋಣಿಯಿಂದ ಹೊರಗ ಬರೂ ಬಾಗಲದಾಗ. ಎಲ್ಲಾರೂ ಅದನ್ನ ನೋಡಿನ ಮನಿಗೆ ಹೋಗಬೇಕು.

ಕಾಕಾ: ಕುಡದು ಬಂದ ಕಣ್ಣಿಗೆ ಡಬ್ಬಿ ಕಾಣಸತೈತೇನ?

ಮಗಳು: ಕುಡಿಯೂಕಿಂತ ಮೊದಲ ನೋಡಿದ ಡಬ್ಬಿ ಕುಡದ ಮ್ಯಾಲ ನೆನಪಿರತೈತೇನ?

ಕಾಕು: ಮತ್ತ ಎಲ್ಲಿ ಕಟ್ಟಾಂವ್ರು ಇದನ್ನ? ನಮ್ಮ ರಾಯಾಪುರದಾಗ?

ಮಗಳು: ಯಾಕಾಗಬಾರದು? ಎರಡೂ ಊರಿಗೆ ನಡುವಿನ ಜಾಗಾ. ಚಿಗರಿ ಬಸ್ಸು ಬಾಗಲಿಗೆ ಬರತೈತಿ. ಬಂದವ್ರು ಗಾಡಿ ಹೊಡಕೊಂಡು ಹೋಗೂ ಕೆಲಸಾನ ಇಲ್ಲ.

ಕಾಕಾ: ಇಸ್ಕಾನ್ ಗುಡಿ ಇಲ್ಲೇ ಐತಿ, ಸಾಲಿ ಕಾಲೇಜು ಸುತ್ತಾ ಅದಾವ. ಗುಡಿ, ಸಾಲಿಯಿಂದ 100 ಮೀಟರ್ ಬಿಡಬೇಕು ಅನ್ನೂದು ನಮ್ಮ ಲೈಸನ್ಸ್ ನಿಯಮ. ಹೆದ್ದಾರಿಯಿಂದ 500 ಮೀಟರ್ ದೂರ ಇರಬೇಕು ಅಂತ 2016ರ ಡಿಸೆಂಬರಿನಾಗ ಸುಪ್ರೀಂ ಕೋರ್ಟ್ ಆದೇಶ ಮಾಡ್ತು, ಮರುವರ್ಷ ಪಟ್ಟಣದ ಹದ್ದಿನೊಳಗ ಅದು ಸಡಲಾತು. ಟೇಪು ಹಿಡದು ಅಳಿಯೂದೊಂದ ನಮಗ ಬರೂ ವಿದ್ಯಾ. ಮೀಟರಿನಿಂದ ಕುಡಿತ ಅಳಿಯಾಕ ಬರೂದಿಲ್ಲ ಅನ್ನೂದು ನೌಕರಿ ಮುಗಿಯೂ ಹೊತ್ತಿಗೆ ತಿಳೀತು.

ಮಗಳು: ಅದನ್ನೂ ಒಂದು ಫಲಕದಾಗ ಬರಸೂಣು.

ಕಾಕಾ: ಬರಸು. ಕೆಳಗ ನನ್ನ ಹೆಸರು ಹಾಕಬ್ಯಾಡ. ಪೆನ್ಶನ್ ಬರೂದೈತಿ.

ಕಟ್ಟೆಯ ಮೇಲಿನ ಈ ಮಾತಿನಲ್ಲಿ ಕೆಲವು ಸಂಗತಿಗಳು ಇತ್ಯರ್ಥವಾದವು. ಟಿಕೆಟ್ಟಿನೊಳಗೆ ಗ್ಲಾಸು ಸೇರಬಾರದು. ಹೊರಬಾಗಿಲಲ್ಲಿ ಅಂಗಡಿ ಇರಬಾರದು. ಬ್ರೂವರಿಯ ಹಂಡೆಗೆ ಸಿಗುವ ಗೌರವ ಈಚಲು ಮರ ಹತ್ತುವವನ ಹಗ್ಗಕ್ಕೂ ಸಿಗಬೇಕು. ದಂಡಿನ ಕಥೆ, ಸುಂಕದ ಕಥೆ, ಜೋಳದ ಡಬ್ಬಿಯ ಕಥೆ ಬಿಟ್ಟುಹೋಗಬಾರದು. ರುಚಿಯ ಕೋಣೆ ಇರಬೇಕೋ ಬೇಡವೋ, ಮೊದಲ ಕೋಣೆಯಲ್ಲಿ ಏನಿರಬೇಕು ಎಂಬೆರಡು ಮಾತ್ರ ಇತ್ಯರ್ಥವಾಗಲಿಲ್ಲ. ಆಗಬೇಕಾದ್ದೂ ಇಲ್ಲ. ಇಬ್ಬರ ಮಾತಿನಲ್ಲೂ ಹುರುಳಿದೆ.

ಇಂಥದ್ದೊಂದನ್ನು ಯಾರು ಕಟ್ಟಬೇಕು ಎಂಬುದರಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿಲ್ಲ. ಕಂಪನಿ ಕಟ್ಟಿದರೆ ಅದು ಜಾಹೀರಾತಾಗುತ್ತದೆ, ಮದ್ಯವಿರೋಧಿಗಳು ಕಟ್ಟಿದರೆ ಉಪದೇಶವಾಗುತ್ತದೆ. 2025-26ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಅಷ್ಟು ಹಣವನ್ನು ಜನರ ಕೈಯಿಂದ ಎತ್ತಿಕೊಳ್ಳುವ ಸರ್ಕಾರವೇ ಆ ಹಣದ ಪೂರ್ತಿ ಕಥೆಯನ್ನು ಅದೇ ಜನರಿಗೆ ಹೇಳುವ ಹೊಣೆ ಹೊರಬೇಕು.